ಆನೆಹುಲ್ಲಿನೊಳಗಿನ ಪ್ರಾಣಿ

ಹಿಂಬಾಗಿಲ ಮೆಟ್ಟಿಲು,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಹೈಕಮಾಂಡಿಗೆ,

ಮಂಡಿನೋವು ಹೇಗಿದೆ? ಮಗಳ ಮನೇಲಿ ಮೆಟ್ಟಿಲು ಜಾಸ್ತಿ, ಜಂಬಕ್ಕೆ ಹತ್ತಿಳಿಯಬೇಡ. ಬಾಣಂತಿ ಹುಷಾರಾಗಿದಾಳಾ? ಮಗು ಯಾರ ಹಾಗಿದೆ? ನನ್ನ ಹಾಗಿದ್ರೆ ಈಗಲೇ ಹೇಳ್ಬಿಡು, ಎಲ್ಲರೂ ಸೇರಿ ಏನಾದ್ರೂ ಉಪಾಯ ಮಾಡೋಣ. 'ನಿಮ್ಮ ಬಾಯಿಗೊಂದು ಬೀಗ ಹಾಕ್ಬೇಕು ರೀ' ಅಂತಿದ್ದವಳು ಬೀಗ ಹಾಕದೇ ಬೀಗರ ಮನೆಗೆ ಹೊರಟೆ, ಅನುಭವಿಸು. ಫೋನೇ ಮಾಡಬಹುದಿತ್ತು. ಆದ್ರೆ ನಾನು ಫೋನಲ್ಲಿ ಡಾಕ್ಟರ ದನಿ ಮಾಡಿ ಒಂದು ತಿಂಗಳು ಮಾತಾಡಬಾರದು ಅಂತ ನಿನಗೆ ಪಥ್ಯ ಹೇಳಿದ ದಿನದಿಂದ ನೀನು ನನ್ನ ಫೋನ್ ಎತ್ತೋದೇ ಬಿಟ್ಟಿದ್ದೀಯ. ಅದಕ್ಕೇ ಈ ಕಾಗದ, ಹಾಲಿನ ವ್ಯಾನಿನವನ ಕೈಲಿ.

ಹೊಲದ ಸಮಾಚಾರ ಕೇಳು. ಹುಲ್ಲು ಎರಡಾಳು ಎತ್ತರ ಬೆಳೆದು, ಒಣಗಿ, ಸರಸರ ಅಂತ ನಿಂತಿದೆ. ಹೆಸರಿಗೆ ಆನೆಹುಲ್ಲು, ತಿನ್ನೋದು ಮಾತ್ರ ಕಾರ್ಖಾನೆ ಬಾಯ್ಲರು. 'ಇದನ್ನ ಉರಿಸಿದ್ರೆ ಅಷ್ಟು ಕಲ್ಲಿದ್ದಲು ಉಳಿಯುತ್ತಪ್ಪಾ' ಅಂತ ಮಗ ನೆಟ್ಟಾಗ ನಕ್ಕಿದ್ದೆ. ಆ ನಗು ವಾಪಸ್ ತಗೊಂಡಿದ್ದೀನಿ. ಇಳಿಜಾರಿನ ಮಣ್ಣು ಹುಲ್ಲಿನ ಬೇರು ಹಿಡ್ಕೊಂಡು ಕೂತಿದೆ, ಮಳೆ ಬಂದ್ರೂ ಹಳ್ಳ ಟೀ ಬಣ್ಣಕ್ಕೆ ತಿರುಗೋದು ನಿಂತಿದೆ. 'ಹಳ್ಳದ ದಡ ಮುಟ್ಟಿದ್ರೆ ಅಪ್ಪ-ಮಗ ನೀವೇ ಬೇಯಿಸ್ಕೊಂಡು ತಿನ್ನಿ' ಅಂತ ನೀನು ಹೆದರಿಸಿದ್ದಕ್ಕೆ ದಡದ ಪೊದೆಗಳೂ ಉಳ್ಕೊಂಡಿವೆ. ಈಗ ಹೇಗೂ ನಾವೇ ಬೇಯಿಸ್ಕೊಳ್ತಿದ್ದೀವಿ, ಆ ಮಾತು ಬೇರೆ.

ಹೋದ ತಿಂಗಳು ಹುಲ್ಲಿನ ತೇವ ನೋಡೋಕೆ ಕಾರ್ಖಾನೆಯಿಂದ ಒಬ್ಬ ಬೂಟಿನ ಸಾಹೇಬ ಬಂದಿದ್ದ. ನಾನು ಹುಲ್ಲೊಳಗೆ ಕೂತು ಒಂದೇ ಒಂದು ಸಲ, ಮೆಲ್ಲಗೆ, ಗುರ್ ಅಂದೆ. ಪಾಪ, ನೇರ ಹಳ್ಳಕ್ಕೇ ಹಾರಿದ, ಒಂದೇ ಬೂಟಲ್ಲಿ ಎದ್ದು ಬಂದ. ಹುಲ್ಲಿನ ತೇವ ಅಳೆಯೋಕೆ ಬಂದವನ ತೇವ ಅಳೆಯೋ ಹಾಗಾಯ್ತು. ಮಗ ಮೂರು ದಿನ ಮಾತು ಬಿಟ್ಟ.

ಆ ಮಜಾ ನೆನೆಸ್ಕೊಂಡು ನಿನ್ನೆ ಮತ್ತೆ ಒಳಗೆ ನುಗ್ಗಿದೆ, ಈ ಸಲ ಮಗನಿಗೇ ಹೊಂಚು ಹಾಕೋಣ ಅಂತ. ನಟ್ಟನಡುವೆ ಕುಕ್ಕರುಗಾಲಲ್ಲಿ ಕೂತಿದ್ದೆ, ಯಾರೋ ನೋಡ್ತಿದ್ದಾರೆ ಅನ್ನಿಸ್ತು. ತಿರುಗಿದ್ರೆ ಗೌಜಲ ಹಕ್ಕಿ! ಹೆಸರಲ್ಲೇ ಗೌಜು, ಬಾಯಲ್ಲಿ ಒಂದು ಸದ್ದಿಲ್ಲ. ರೆಕ್ಕೆ ಕೆಳಗಿಂದ ಮರಿಗಳು ಇಣುಕ್ತಿವೆ, ಏಳೋ ಎಂಟೋ, ನಿಂತ್ರೆ ತಾನೇ ಎಣಿಸೋದು. ನೀನು ನನ್ನನ್ನ ನೋಡ್ತೀಯಲ್ಲ, 'ಏನ್ರೀ ಕಿತಾಪತಿ' ಅಂತ, ಥೇಟ್ ಅದೇ ನೋಟ. ಹೆದರಿಸೋಕೆ ಹೋದವನು ತೆವಳ್ಕೊಂಡು ಹಿಂದೆ ಬಂದೆ.

ಓಡಿಹೋಗಿ ಮಗನ ಕೈ ಹಿಡಿದು ಎಳ್ಕೊಂಡು ಬಂದು ತೋರಿಸಿದೆ. ಅಲ್ಲೇನಿದೆ? ಬರೀ ಹುಲ್ಲು! ಮರಿಗಳ ಸಮೇತ ಮಾಯ. ಇಷ್ಟು ವರ್ಷದಲ್ಲಿ ನನ್ನನ್ನೇ ಮಂಗ ಮಾಡಿದವಳು ಅವಳೊಬ್ಬಳೇ. 'ಅಪ್ಪಾ, ಈ ಹುಲ್ಲೊಳಗೆ ನೀವು ಬಿಟ್ರೆ ಬೇರೆ ಯಾವ ಪ್ರಾಣೀನೂ ಇಲ್ಲ' ಅಂತ ಹೇಳಿ ಹೊರಟೇ ಹೋದ.

ಇರ್ಲಿ. ಮಗುವಿನ ಕಾಲಿಗೆ ನನ್ನದೊಂದು ಕಚಗುಳಿ, ಮಗಳಿಗೆ ಆಶೀರ್ವಾದ, ಬೀಗಿತ್ತಿಗೆ ದೂರದಿಂದಲೇ ನಮಸ್ಕಾರ.

ಇಂತಿ ನಿನ್ನ,
'ರೀ'

ತಾ.ಕ.: ವ್ಯಾನಿನವನು ಹಾರ್ನ್ ಹೊಡೀತಿದಾನೆ. ಕೊಯ್ಯೋ ಮೆಷಿನ್ ಶುಕ್ರವಾರ ಬೆಳಿಗ್ಗೆ ಬರುತ್ತೆ. ಡ್ರೈವರ್ ಯಾವಾಗ್ಲೂ ಅಂಚಿಂದ ಸುತ್ತುತ್ತಾ ಒಳಗೆ ಬರ್ತಾನೆ. ಮರಿಗಳಿಗಿನ್ನೂ ಹಾರೋಕೆ ಬರಲ್ಲ, ಹಕ್ಕಿ ಅವುಗಳ ಜೊತೆ ಹೆದರಿ ಹೆದರಿ ನಡುವಿಗೇ ಸರಿಯುತ್ತೆ, ಕೊನೆಗೆ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ನಡುವಿಂದ ಶುರು ಮಾಡಿ ಹೊರಗೆ ಕೊಯ್ತಾ ಬಂದ್ರೆ ಹಳ್ಳದ ಪೊದೆಗೆ ಓಡಿ ಸೇರ್ಕೊಳ್ಳುತ್ತೆ. ಮೆಷಿನ್ ನಡುವಿಗೆ ಹೋಗೋವಾಗ ಒಂದಿಷ್ಟು ಹುಲ್ಲು ತುಳಿದು ಹಾಳಾಗುತ್ತೆ, ಆಗ್ಲಿ. ಮಗನಿಗೆ ಇವತ್ತೇ ಫೋನ್ ಮಾಡಿ ಹೇಳು, ನಿನ್ನ ಮಾತಾದ್ರೆ ಕೇಳ್ತಾನೆ. ಇದು ತಮಾಷೆ ಅಲ್ಲ ಕಣೇ. ನೀನೂ ನಂಬದಿದ್ರೆ ಪರವಾಗಿಲ್ಲ. ಶುಕ್ರವಾರ ಹುಲ್ಲಿನ ನಡುವೆ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಹುಲ್ಲೊಳಗೆ ಒಂದು ಪ್ರಾಣಿ ಇದೆ ಅಂತ ಮಗನೇ ಒಪ್ಪಿದಾನಲ್ಲ, ಅದಕ್ಕಾದ್ರೂ ಮೆಷಿನ್ ನಿಲ್ಲಿಸಲಿ.