ಹೆಸರು ಹೇಳಿ ಒಳಗೆ ಬಾ

ಸೇಡಂ
೧೧ ಜೂನ್ ೨೦೨೫, ಬುಧವಾರ ಮಧ್ಯಾಹ್ನ

ಪ್ರೀತಿಯ ಸಂಘಪಾಲ ಅಣ್ಣಾ,

ಜೈ ಭೀಮ್. ಹೇಗಿದ್ದೀ? ಮೊನ್ನೆ ಫೋನಿನಲ್ಲಿ ನೀನು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಮೈಸೂರಿನಲ್ಲಿ ಮಳೆ ಹಿಡಿದಿರಬೇಕು. ನಿಮ್ಮ ಶಾಲೆಯ ಹಾಸ್ಟೆಲ್ಲಿನಲ್ಲಿ ಬಿಸಿನೀರು ಕೇಳಿ ಇಸಕೋ, ಸಂಕೋಚ ಮಾಡಬೇಡ. ಅವ್ವ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾಳೆ: "ಅರಿಶಿಣ ಹಾಕಿದ ಹಾಲು ಕುಡಿ ಅಂತ ಬರಿ. ಅಂವ ಕುಡಿಯಂಗಿಲ್ಲ, ಆದ್ರೂ ಬರಿ." ಬರೆದಿದ್ದೇನೆ. ಅವಳು ಶಹಾಬಾದಿನ ಮನೆಗೆ ಬೀಗ ಹಾಕಿ ನನ್ನ ಬಾಣಂತನಕ್ಕೆಂದು ಬಂದವಳು ಇನ್ನೂ ಇಲ್ಲೇ ಇದ್ದಾಳೆ, ಅದು ನನ್ನ ಪುಣ್ಯ. ರತ್ನದೀಪ ಅವರು ಬೆಳಿಗ್ಗೆ ವಾಡಿಗೆ ಡ್ಯೂಟಿಗೆ ಹೋದರೆ ಸಂಜೆಯೇ ಬರುವುದು. ಯಶೋಧರೆಗೆ ನಿನ್ನೆಗೆ ಏಳು ತಿಂಗಳು ತುಂಬಿತು.

ಫೋನು ಮಾಡದೆ ಯಾಕೆ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀ. ಫೋನಿನಲ್ಲಿ ನೀನು ನಗಿಸಿಬಿಡುತ್ತೀ, ನಾನು ಹೇಳಬೇಕಾದ್ದನ್ನು ಬಿಟ್ಟು ಬೇರೆ ಮಾತಾಡಿ ಇಟ್ಟುಬಿಡುತ್ತೇನೆ. ನಿನ್ನ ಕಂಪ್ಯೂಟರಿನ ಓದುವ ದನಿ ಇದನ್ನು ನಿನಗೆ ಓದಿ ಹೇಳುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ಹಾಗಾಗಿ ಹೂವು, ನಗುಮುಖ ಒಂದೂ ಹಾಕಿಲ್ಲ. ನಮ್ಮತ್ತೆಯ ಬೆಳಗಿನ ಶುಭಾಶಯವನ್ನು ನಿನ್ನ ದನಿ "ಕೆಂಪು ಗುಲಾಬಿ, ಕೆಂಪು ಗುಲಾಬಿ" ಎಂದು ಎಂಟು ಸಲ ಓದಿದಾಗ ನೀನು, "ನಿಮ್ಮತ್ತಿ ಹೂವಿನ ಅಂಗಡಿನೇ ಕಳಿಸ್ಯಾಳಲ್ಲವಾ" ಅಂದಿದ್ದೆ. ಅದನ್ನು ನೆನೆದು ಈಗಲೂ ನಗುತ್ತೇನೆ. ಆದರೆ ಕುಟುಂಬದ ಗ್ರೂಪಿಗೆ ನಾನು ಹಾಕಿದ ಯಶೂನ ಹನ್ನೊಂದು ಫೋಟೋಗಳು ನಿನಗೆ ಹನ್ನೊಂದು ಸಲ "ಚಿತ್ರ" ಎಂದಷ್ಟೇ ಕೇಳಿಸಿರುತ್ತವೆ ಎಂಬುದು ಮಾತ್ರ ಆಗ ಹೊಳೆಯಲೇ ಇಲ್ಲ. ಒಂದನ್ನಾದರೂ ಈಗ ಹೇಳುತ್ತೇನೆ. ಅವ್ವನ ಕಾಲ ಮೇಲೆ ಕುಳಿತಿದ್ದಾಳೆ. ಆಗಷ್ಟೇ ನೀರೆರೆದ ಮೈ, ಎಣ್ಣೆಗೆ ಹೊಳೆಯುತ್ತಿದೆ. ತಲೆಗೆ ಹಸಿರು ಕುಂಚಿಗೆ, ಅದರ ಅಂಚಿನಿಂದ ಒಂದು ಗುಂಗುರು ಕೂದಲು ಹೊರಗೆ. ಬಾಯಿಯಲ್ಲಿ ಕೆಳಗಡೆ ಎರಡು ಹಲ್ಲಿನ ಬಿಳಿ. ಹುಬ್ಬು ನಿನ್ನವೇ, ಸಿಟ್ಟಿಲ್ಲದಿದ್ದರೂ ಸಿಟ್ಟಿನವಳ ಹಾಗೆ. ಕ್ಯಾಮೆರಾದ ಕಡೆ ನೋಡುತ್ತಿಲ್ಲ.

ಆ ಕೊನೆಯ ಮಾತನ್ನು ಬರೆದು, ಅಳಿಸಿ, ಮತ್ತೆ ಬರೆದೆ. ಕಲಬುರಗಿಯ ಕಣ್ಣಿನ ಡಾಕ್ಟರು, "ಸೋದರಮಾವನಿಗೆ ಕಣ್ಣಿನ ತೊಂದರೆ ಇತ್ತು ಅಂದಮೇಲೆ ಇನ್ನೊಮ್ಮೆ ಪೂರ್ತಿ ನೋಡೋಣ, ಈಗಲೇ ಏನೂ ಹೇಳಲು ಬರುವುದಿಲ್ಲ" ಎಂದು ಇದೇ ಇಪ್ಪತ್ಮೂರಕ್ಕೆ ಬರಹೇಳಿದ್ದಾರೆ. ಅಂದಿನಿಂದ ನಿದ್ದೆ ನನ್ನನ್ನು ಬಿಟ್ಟಿದೆ. ಸ್ಟೀಲಿನ ಚಮಚ ಹಿಡಿದು ಅವಳ ಮುಖದ ಮುಂದೆ ಈ ಕಡೆಯಿಂದ ಆ ಕಡೆ ಆಡಿಸುತ್ತೇನೆ. ಒಮ್ಮೆ ಕಣ್ಣು ಹಿಂಬಾಲಿಸುತ್ತವೆ, ಒಮ್ಮೆ ಇಲ್ಲ. ಇಲ್ಲ ಅನಿಸಿದಾಗ ಹಸಿವಿರಬೇಕು, ನಿದ್ದೆ ಬಂದಿರಬೇಕು ಎಂದುಕೊಂಡು ಐದು ನಿಮಿಷ ಬಿಟ್ಟು ಮತ್ತೆ ಚಮಚ. ಅವ್ವ ನಿನ್ನೆ ಚಮಚವನ್ನೇ ಕಸಿದುಕೊಂಡಳು. "ಕೂಸಿಗೆ ಊಟ ಹಾಕು ಅದರಾಗ, ಪರೀಕ್ಷಾ ಸಾಕು."

ಇನ್ನು ಹೇಳಬೇಕಾದದ್ದು. ಹೋದ ತಿಂಗಳು ಚಿತ್ತಾಪುರದ ಆ ಶಿಕ್ಷಣ ಸಂಸ್ಥೆಯಲ್ಲಿ ಸಮಾಜ ವಿಜ್ಞಾನದ ಮಾಸ್ತರರ ಜಾಗ ಖಾಲಿ ಇದೆ ಎಂದು ನಾನೇ ನಿನಗೆ ತಿಳಿಸಿದ್ದೆ. ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕಿತ್ತು. ಮೂರು ಸಂಜೆ ಕುಳಿತು ಪ್ರಯತ್ನ ಮಾಡಿ, ನಾಲ್ಕನೇ ದಿನ ಫೋನು ಮಾಡಿದೆಯಲ್ಲ. ಒಂದೊಂದು ಬಟನ್ನಿನ ಮೇಲೆ ಹೋದಾಗಲೂ ನಿನ್ನ ಓದುವ ದನಿ ಬರೀ "ಗುಂಡಿ" ಎನ್ನುತ್ತದೆ, ಯಾವುದರ ಗುಂಡಿ ಎಂದು ಹೇಳುವುದಿಲ್ಲ ಎಂದೆ ನೀನು. "ನಾವು ತಗ್ಗು ಅಂತೀವಿ, ಪೇಪರಿನವರು ಗುಂಡಿ ಅಂತಾರ. ಇದು ಫಾರಂ ಅಲ್ಲ ತಂಗಿ, ರಸ್ತಾ. ಗುಂಡಿ, ಗುಂಡಿ, ಗುಂಡಿ. ಒಂದರಾಗ ಬಿದ್ದೆ, ತುಂಬಿದ್ದೆಲ್ಲ ಅಳಿಸಿ ಹೋತು." ನಾನು ಬಿದ್ದು ಬಿದ್ದು ನಕ್ಕೆ. ಕೊನೆಗೊಂದು ಸೊಟ್ಟ ಅಕ್ಷರಗಳ ಚಿತ್ರ ಬಂತಂತೆ, ಅದನ್ನು ನೋಡಿ ಬರೆದರೆ ಮಾತ್ರ ಅರ್ಜಿ ಹೋಗುತ್ತದಂತೆ. ಪಕ್ಕದ ಕೋಣೆಯವರನ್ನು ಕರೆದುಕೊಂಡು ಬರುವಷ್ಟರಲ್ಲಿ ಸಮಯ ಮುಗಿಯಿತು ಎಂದು ಪುಟವೇ ಮುಚ್ಚಿಕೊಂಡಿತಂತೆ. "ಇದನ್ನ ಮಾಡಿದವರಿಗೆ ಕಣ್ಣ ಕಾಣ್ತಾವಿಲ್ಲೋ ಕೇಳಬೇಕು. ಇನ್ನ ಆ ಕಡಿ ಮಾರಿ ಹಾಕಂಗಿಲ್ಲ" ಎಂದು ನೀನು ಫೋನು ಇಟ್ಟೆ.

ಅಣ್ಣಾ, ಆ ಫಾರಂ ಮಾಡಿದವಳು ನಾನು.

ಬಸ್ ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅಂಗಡಿ ಇಟ್ಟಿರುವ ಮಜೀದಸಾಬ ಇಂಥ ಕೆಲಸ ಹಿಡಿದು ತರುತ್ತಾರೆ, ನಾನು ಮನೆಯಲ್ಲೇ ಕುಳಿತು ಮಾಡಿಕೊಡುತ್ತೇನೆ. ಬಾಣಂತನದ ಮೂರನೇ ತಿಂಗಳಲ್ಲಿ ಮಾಡಿದ್ದು ಅದು. ಗುಂಡಿಗಳಿಗೆಲ್ಲ ಚಂದದ ಚಿತ್ರಗಳನ್ನಿಟ್ಟಿದ್ದೆ. ಫೋಟೋ ಹಾಕುವಲ್ಲಿ ಕ್ಯಾಮೆರಾ, ಕಳಿಸುವಲ್ಲಿ ಹಾರುವ ಕಾಗದ. ಸಂಸ್ಥೆಯವರು ಭೇಷ್ ಅಂದಿದ್ದರು. ಚಿತ್ರದ ಹಿಂದೆ ಒಂದು ಹೆಸರು ಬರೆದಿಡಬೇಕು ಎಂಬುದು ಕಾಲೇಜಿನಲ್ಲಿ ಓದಿದ್ದೇ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದೂ ಇದ್ದೆ. ನಿನಗೆ ಆ ಜಾಗದ ಸುದ್ದಿ ಹೇಳುವಾಗ "ನಾನೇ ಮಾಡಿದ ಫಾರಂ, ಆಮೇಲೆ ಹೇಳಿ ಬೆರಗು ಮಾಡಬೇಕು" ಅಂದುಕೊಂಡಿದ್ದೆ. ಮಗಳ ಕಣ್ಣನ್ನು ದಿನಕ್ಕೆ ಹತ್ತು ಸಲ ಪರೀಕ್ಷಿಸುವವಳು ಆ ಪುಟವನ್ನು ಒಮ್ಮೆಯೂ ಕಣ್ಣು ಮುಚ್ಚಿ ಕೇಳಿ ನೋಡಿರಲಿಲ್ಲ. ಮತ್ತೆ ನೀನು ಬೈದಾಗ ಬಾಯಿ ಬಿಡದೆ ನಕ್ಕೆನಲ್ಲ, ಅದು ಫಾರಮ್ಮಿಗಿಂತ ದೊಡ್ಡ ತಪ್ಪು.

ಅವ್ವ ಆ ಫೋನನ್ನು ಪೂರ್ತಿ ಕೇಳಿಸಿಕೊಂಡಿದ್ದಳು. ಗುಂಡಿಗೆ ಹೆಸರಿಲ್ಲ ಅಂದರೆ ಏನು ಎಂದು ಕೇಳಿದಳು. ನಾನು ಏನೇನೋ ದೊಡ್ಡದಾಗಿ ವಿವರಿಸಲು ಹೋದೆ. ಅವಳು ಅಕ್ಕಿ ಹಸನು ಮಾಡುತ್ತಲೇ ಅಂದಳು: "ಅದರಾಗ ಮಷೀನಿನ ಮಾತೇನದ? ಹೆಸರ ಹೇಳಲಾರದೆ ಮನಿಯೊಳಗ ಬಂದು ನಿಂತಂಗ ಆತು."

ನಿನಗೆ ನೆನಪಿರಬೇಕು. ನಿನಗೆ ಒಂಬತ್ತು, ನನಗೆ ಆರು. ಹೈದರಾಬಾದಿನ ಕಣ್ಣಿನ ಆಸ್ಪತ್ರೆಯಿಂದ ಇನ್ನು ಆಗುವುದಿಲ್ಲ ಎನಿಸಿಕೊಂಡು ನಿನ್ನನ್ನು ಕರೆತಂದ ದಿನವೇ ಅವ್ವ ಮನೆಗೆ ಕಾನೂನು ಮಾಡಿದಳು, ಯಾರೇ ಬರಲಿ, ಹೊಸ್ತಿಲಲ್ಲಿ ಹೆಸರು ಹೇಳಿ ಒಳಗೆ ಬರಬೇಕು. ಕ್ವಾರಿಯಿಂದ ಮೈಯೆಲ್ಲ ಕಲ್ಲಿನ ಪುಡಿ ಮಾಡಿಕೊಂಡು ಬರುತ್ತಿದ್ದ ಅಪ್ಪ ಕೂಡ "ನಾ ನಿಮ್ಮಪ್ಪ" ಎಂದೇ ಒಳಗೆ ಕಾಲಿಡುತ್ತಿದ್ದ. ಬಳೆ ಮಾರುವ ಹಮೀದಾಬಿ "ನಾ ಹಮೀದಾಬಿ, ಬಳಿ ತಂದೀನಿ, ಸಂಘಪಾಲಗ ಬ್ಯಾಡ" ಎಂದು ದಿನಾ ಅದೇ ಚೇಷ್ಟೆ ಮಾಡುತ್ತಿದ್ದಳು. ಒಂದು ದಿನ ನಾನು ಸದ್ದಿಲ್ಲದೆ ಬಂದು ನಿನ್ನ ಮುಂದೆ ನಿಂತೆ. ನೀನು "ಯಾರು? ಯಾರು?" ಎಂದು ಕೈ ಚಾಚಿದಷ್ಟೂ ನಾನು ಹಿಂದೆ ಸರಿದೆ. ನೆಲದ ಒಡೆದ ಫರ್ಸಿ ಕಲ್ಲಿಗೆ ಎಡವಿ ನೀನು ಬಿದ್ದೆ. ಅವ್ವ ನನ್ನನ್ನು ಹೊಡೆದದ್ದು ಜೀವನದಲ್ಲಿ ಅದೊಂದೇ ಸಲ. "ಹೆಸರ ಹೇಳದೆ ನಿಂದ್ರೋದು ಕಳ್ಳರ ಕೆಲಸ" ಎಂದಿದ್ದಳು. ಆ ಮನೆಯಲ್ಲಿ ಬೆಳೆದು ಹದಿನಾಲ್ಕು ಗುಂಡಿಗಳನ್ನು ನಿನ್ನ ಮುಂದೆ ಮೂಕರ ಹಾಗೆ ನಿಲ್ಲಿಸಿದೆ. ಅಕ್ಕಿಯ ಮೊರದ ಮುಂದೆ ಕುಳಿತು ಅವ್ವನಿಗೆ ಎಲ್ಲ ಹೇಳಿದೆ. ಅವಳು ಈ ಸಲ ಹೊಡೆಯಲಿಲ್ಲ. "ನನಗ್ಯಾಕ ಹೇಳ್ತಿ? ಬಿದ್ದಾಂವಗ ಹೇಳು" ಅಂದಳು. ಆ ಧೈರ್ಯಕ್ಕೆ ಇಷ್ಟು ದಿನ ಬೇಕಾಯಿತು.

ಮೊದಲು ಮಜೀದಸಾಬರ ಹತ್ತಿರ ಹೋದೆ. "ಚಲೋ ಕಾಣಲಿಕತ್ತದಲ್ಲ ಬೇಟಾ, ಪಾರ್ಟಿ ಖುಷಿ ಅದ, ಸುಮ್ನ ಯಾಕ ಕೆದರ್ತಿ?" ಅಂದರು. ಆದರೂ ಬಿಡದೆ ಚಿತ್ತಾಪುರಕ್ಕೆ ಜೊತೆಗೆ ಬಂದರು, ಪಾಪ. ಅಲ್ಲಿಯ ಹೆಡ್ ಕ್ಲಾರ್ಕು ಅಂಬರಾಯ ಸರ್ ಕೆಟ್ಟವರಲ್ಲ, ಆದರೆ ಮಾತು ಕೇಳು: "ಕಣ್ಣಿಲ್ಲದವರು ಯಾರ್ ಅರ್ಜಿ ಹಾಕ್ತಾರವಾ? ಇಲ್ಲಿತನಕ ಒಬ್ಬರದೂ ಬಂದಿಲ್ಲ ನೋಡು." ನನಗೆ ಎಲ್ಲಿಂದ ಬಂತೋ, "ಬರ್ಲಿಕ್ಕೆ ಹೊಂಟವರು ಗುಂಡ್ಯಾಗ ಬಿದ್ದಾರ್ರಿ ಸರ್" ಅಂದೆ. ಯಶೂನ ಕುಂಚಿಗೆ ಚೀಲದಲ್ಲಿತ್ತು, ತೆಗೆದು ಅವರ ಕಂಪ್ಯೂಟರಿನ ಪರದೆಗೆ ಇಳಿಬಿಟ್ಟೆ. ಮೌಸು ತೆಗೆದಿಟ್ಟು, ಓದುವ ದನಿ ಹಾಕಿ, ಈಗ ನಿಮ್ಮದೇ ಹೆಸರಿನಲ್ಲಿ ಒಂದು ಅರ್ಜಿ ತುಂಬಿರಿ ಸರ್ ಎಂದೆ. ಮೊದಲು ನಕ್ಕರು. "ಗುಂಡಿ" ಅಂತು. ಮುಂದೆ ಹೋದರು, "ಗುಂಡಿ." ನಾಲ್ಕನೆಯದನ್ನು ಒತ್ತಿದರು, ಎಲ್ಲ ಅಳಿಸಿಹೋಯಿತು. ಮಜೀದಸಾಬ ಹಿಂದಿನಿಂದ "ಸಾಹೇಬ್ರ ನೌಕರಿ ಹೋತು" ಅಂದರು. ಅಂಬರಾಯ ಸರ್ ಆ ಹಸಿರು ಕುಂಚಿಗೆಯನ್ನು ಪರದೆಯಿಂದ ತೆಗೆದು, ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ "ಎಷ್ಟ ದಿನದಾಗ ಮಾಡ್ತಿ?" ಎಂದು ಕೇಳಿದರು. ಕಾರ್ಯದರ್ಶಿಗಳಿಗೆ ತಾವೇ ಹೇಳಿ ಅರ್ಜಿಯ ಕೊನೆಯ ದಿನವನ್ನು ಎಲ್ಲರಿಗೂ ಇಪ್ಪತ್ತನೇ ತಾರೀಖಿನವರೆಗೆ ಮುಂದಕ್ಕೆ ಹಾಕಿಸಿದರು.

ನಾಲ್ಕು ದಿನ ಹಿಡಿಯಿತು. ಮೊದಲ ದಿನ ಕನ್ನಡದಲ್ಲಿ ಎಲ್ಲಕ್ಕೂ ಹೆಸರಿಟ್ಟೆ, ದನಿ ಮಾತ್ರ ತುಟಿಪಿಟಿಕ್ ಅನ್ನಲಿಲ್ಲ. ನೋಡಿದರೆ ಪುಟದ ಭಾಷೆ ಇಂಗ್ಲಿಷ್ ಎಂದು ನಾನೇ ಹಿಂದೆ ಬರೆದಿಟ್ಟಿದ್ದೆ, ಕನ್ನಡದ ಅಕ್ಷರಗಳನ್ನು ಅದು ದಾಟಿಕೊಂಡು ಹೋಗುತ್ತಿತ್ತು. ಅದನ್ನು ಸರಿ ಮಾಡಿದರೆ ಇನ್ನೊಂದು ಫಜೀತಿ. ಪಶ್ಚಾತ್ತಾಪದಲ್ಲಿ ಒಂದೊಂದು ಗುಂಡಿಗೂ ಉದ್ದುದ್ದ ಹೆಸರಿಟ್ಟಿದ್ದೆ. "ತಾವು ತಮ್ಮ ಭಾವಚಿತ್ರವನ್ನು ಇಲ್ಲಿ ಸೇರಿಸಬಹುದಾಗಿದೆ" ಎಂದು ದನಿ ಮುಗಿಸುವಷ್ಟರಲ್ಲಿ ಯಶು ಎದ್ದು ಅಳುತ್ತಿದ್ದಳು. ಅವ್ವ, "ಹೆಸರ ಕೇಳಿದ್ರ ವಂಶಾವಳಿ ಹೇಳಲಿಕತ್ತದಲ್ಲ" ಅಂದಳು. ಈಗ "ಫೋಟೋ ಸೇರಿಸಿ", "ಅರ್ಜಿ ಕಳಿಸಿ", ಅಷ್ಟೇ. ತಪ್ಪಾದ ಕಡೆ ಬರೀ ಕೆಂಪು ಗೆರೆ ಮೂಡುತ್ತಿತ್ತು, ಈಗ ಏನು ತಪ್ಪಿದೆ ಎಂದು ಮಾತಿನಲ್ಲಿ ಹೇಳುತ್ತದೆ. ಸೊಟ್ಟ ಅಕ್ಷರಗಳನ್ನು ಕಿತ್ತು ಹಾಕಿದ್ದೇನೆ. ಸಮಯ ಮುಗಿಯುವ ಮೊದಲು ಇನ್ನಷ್ಟು ಬೇಕೇ ಎಂದು ಕೇಳುತ್ತದೆ. ಪರದೆಗೆ ಕುಂಚಿಗೆ ಇಳಿಬಿಟ್ಟು ನಾನು ಎರಡು ಸಲ ಪೂರ್ತಿ ತುಂಬಿದೆ. ಆದರೆ ನನಗೆ ಆ ಪುಟ ಬಾಯಿಪಾಠ, ನನ್ನ ಮುಚ್ಚಿದ ಕಣ್ಣು ಸುಳ್ಳು ಕಣ್ಣು. ನೀನು ಒಮ್ಮೆ ಹೋಗಿ ಬಂದು ಎಲ್ಲಿ ಇನ್ನೂ ಎಡವುತ್ತದೆ ಎಂದು ಹೇಳಿದರೆ ಮಾತ್ರ ನಂಬುತ್ತೇನೆ.

ನೌಕರಿ ಸಿಗುತ್ತದೆ ಎಂದು ನಾನು ಹೇಳಲಾರೆ. ನೀನು ನನ್ನ ಅಣ್ಣ ಎಂದು ಅಲ್ಲಿ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನ ಪಾಠ ಕೇಳಿ ಅವರೇ ತೀರ್ಮಾನ ಮಾಡಲಿ. ಬಾಗಿಲ ತನಕ ಬರುವಾಗ ನೀನು ಬೀಳಬಾರದು, ಅಷ್ಟೇ ನನ್ನ ಕೆಲಸ. ಮಾರಿ ಹಾಕಂಗಿಲ್ಲ ಅಂದಿದ್ದೀ, ಗೊತ್ತು. ಅದು ನನ್ನ ಮೇಲಿನ ಸಿಟ್ಟಾಗಿದ್ದರೆ ನನ್ನ ಮೇಲೇ ಇಟ್ಟುಕೋ, ಅರ್ಜಿಯ ಮೇಲೆ ಬೇಡ.

ಅವ್ವ ತಲೆ ನೇವರಿಸಿ ಆಶೀರ್ವಾದ ಹೇಳಿದ್ದಾಳೆ. ರತ್ನದೀಪ ಅವರ ಜೈ ಭೀಮ್. ಯಶು ಕೀಬೋರ್ಡಿನ ಮೇಲೆ ಕೈ ಬಡಿಯುತ್ತಿದ್ದಾಳೆ, ಎಲ್ಲಾದರೂ ಅರ್ಥವಿಲ್ಲದ ಅಕ್ಷರ ಕೇಳಿಸಿದರೆ ಅದು ಅವಳ ನಮಸ್ಕಾರ.

ಬೈಸಿಕೊಳ್ಳಲು ಕಾದಿರುವ
ನಿನ್ನ ತಂಗಿ
ಮೈತ್ರಿ

ತಾ.ಕ.: ಎಲ್ಲ ಬರೆದು ಮುಖ್ಯವಾದದ್ದನ್ನೇ ಬಿಟ್ಟೆ. ಅರ್ಜಿ ಹಾಕು, ಬಿಡು, ಇಪ್ಪತ್ಮೂರಕ್ಕೆ ಇಲ್ಲಿರು. ಡಾಕ್ಟರು ಏನು ಹೇಳಿದರೂ ನನಗೆ ಕೇಳಿಸುವುದು "ಕಾಣಂಗಿಲ್ಲ" ಎಂಬ ಒಂದೇ ಮಾತು. ಅದರಾಚೆಗೂ ದಿನಗಳಿವೆ ಎಂದು ಗೊತ್ತಿರುವವನು ನಮ್ಮಲ್ಲಿ ನೀನೊಬ್ಬನೇ. ನಾನು ಇದನ್ನು ಯಾರ ಮುಂದೆಯೂ ಹೇಳಿಲ್ಲ. ಇಪ್ಪತ್ತೆರಡಕ್ಕೆ ವಾಡಿ ಸ್ಟೇಷನ್ನಿಗೆ ರತ್ನದೀಪ ಅವರು ಬಂದು ಕರೆದುಕೊಂಡು ಬರುತ್ತಾರೆ. ಇವತ್ತು ಬೆಳಿಗ್ಗೆ ತೊಟ್ಟಿಲ ಹತ್ತಿರ ಹೋಗುವಾಗ ನನಗೆ ಗೊತ್ತಿಲ್ಲದೆಯೇ "ನಾ ನಿಮ್ಮವ್ವ ಬಂದೀನಿ" ಅಂದೆ, ಯಶು ನನ್ನ ಕಡೆ ಮುಖ ತಿರುಗಿಸಿದಳು. ದನಿಗೋ, ನನ್ನನ್ನು ಕಂಡೋ, ತಿಳಿಯಲಿಲ್ಲ. ಚಮಚ ಹುಡುಕಲಿಲ್ಲ. ನೀನು ಬಂದಾಗ ಹೊಸ್ತಿಲಲ್ಲಿ ನಿಂತು ಹೆಸರು ಹೇಳಿ ಒಳಗೆ ಬಾ. ಅವಳಿಗೂ ರೂಢಿಯಾಗಲಿ.