ಶನಿವಾರದ ತಲೆಸ್ನಾನ

ಶುಕ್ರವಾರ, ಜನವರಿ ೧೯. ಸಂಜೆ

ಬಸ್ಸು ಮತ್ತೆ ಲೇಟು. ತಾಂಡೂರಿನಿಂದ ಜಹೀರಾಬಾದ್, ಅಲ್ಲಿಂದ ಇನ್ನೊಂದು. ಕೈಯಲ್ಲಿ ಹೆಂಗಸರಿಗೆ ಪುಕ್ಕಟೆ ಕೊಡುವ ಝೀರೋ ಟಿಕೆಟ್. ಆಫೀಸಿನಲ್ಲಿ ಹೇಳಿದ್ದು — ವೀಕೆಂಡು, ಗೆಳತಿ ಯಶೋಧಾಳ ಊರು ನಾರಾಯಣಖೇಡ್ ನೋಡಿ ಬರುತ್ತೇನೆ. ಯಶೋಧಾಗೂ ಅಷ್ಟೇ ಹೇಳಿದ್ದೇನೆ. ಅರ್ಧ ನಿಜ.

ಉಳಿದರ್ಧ ಮಾಲತೀಬಾಯಿ. ಮೌಶಿ, ಅವ್ವನ ತಂಗಿ. ಇರುವುದು ಅದೇ ನಾರಾಯಣಖೇಡಿನಲ್ಲಿ. ಅವ್ವನ ಕಾಯಿಲೆಯನ್ನು ನನ್ನಿಂದ ಮುಚ್ಚಿಟ್ಟಳೆಂದು ಸಿಟ್ಟು. ಅವ್ವ ಹೋದ ಹದಿಮೂರನೇ ದಿನ ಎಲ್ಲರೆದುರು ಅಂದೆ: "ಇನ್ನ ನಮ್ಮನಿಗೆ ಬರಬ್ಯಾಡ್ರಿ." ಹುಟ್ಟಿದಾಗಿನಿಂದ 'ನೀ' ಅಂದವಳಿಗೆ ಅವತ್ತು 'ರಿ' ಹಚ್ಚಿದ್ದೆ. ಒಂಬತ್ತು ವರ್ಷ. ಅವಳು ಬರಲಿಲ್ಲ. ನಾನು ಹೋಗಲಿಲ್ಲ. ಈ ಸಲ ಕಾಲು ಹಿಡಿದಾದರೂ...

ಶನಿವಾರ, ೨೦. ಬೆಳಿಗ್ಗೆ ಹನ್ನೊಂದು

ಯಶೋಧಾ ಏಳುವ ಮೊದಲೇ ಊರು ಸುತ್ತಲು ಹೊರಟೆ. ಮಂಜು. ಅಂಗಡಿಗಳಿನ್ನೂ ಬಾಗಿಲು ತೆಗೆದಿರಲಿಲ್ಲ. ಮಾರ್ಕೆಟ್ಟಿನಲ್ಲಿ ತೊಗರಿ ರಾಶಿ, ರಾಶಿ ಮೇಲೆ ಗುಬ್ಬಿ. ರಸ್ತೆ ನಡುವೆ ಎತ್ತೊಂದು ಮೆಲುಕು ಹಾಕುತ್ತ ನಿಂತಿತ್ತು; ಹಿಂದೆ ಬಸ್ಸು. ಡ್ರೈವರ್ ಹಾರ್ನೂ ಹೊಡೆಯಲಿಲ್ಲ. ಇಂಥ ಊರಿನಲ್ಲಿ ಯಾರಿಗಾದರೂ ಒಂಬತ್ತು ವರ್ಷ ಸಿಟ್ಟು ಉಳಿದೀತೇ?

ಹಳೇ ಬಸ್‌ಸ್ಟ್ಯಾಂಡ್ ಹಿಂದಿನ ಓಣಿ. ಮೌಶಿಯ ಮನೆ ಇಲ್ಲೇ ಎಲ್ಲೋ ಎಂದು ಕೇಳಿದ್ದೆ. ಕಟ್ಟೆಯ ಮೇಲೊಬ್ಬ ಮುದುಕ, ಬಾಯಿ ತುಂಬ ಎಲೆಅಡಿಕೆ.

"ಕಾಕಾ, ಮಾಲತೀಬಾಯಿ ಅದಾರೇನ್ರಿ?"

ಕೈ ಮೇಲೆತ್ತಿದ. "ಮಾಲತೀಬಾಯಿ... ಇಲ್ಲ."

ಇಲ್ಲ. ಮತ್ತೇನೂ ಕೇಳಲಿಲ್ಲ. ತಿರುಗಿ ಬಂದೆ.

ಮಧ್ಯಾಹ್ನ

ತಲೆ ಮೇಲೆ ನೀರು ಹಾಕಿಕೊಂಡೆ. ಸಾವಿನ ಸುದ್ದಿ ಕೇಳಿದರೆ ಸ್ನಾನ ಮಾಡಬೇಕು. ಮೌಶಿಯೇ ಕಲಿಸಿದ್ದು.

ಒದ್ದೆ ಕೂದಲಲ್ಲೇ ಹೊಲದ ಕಡೆ ಹೋದೆ. ಕೊಯ್ದ ತೊಗರಿ ಗಿಡ ಒಣಗುತ್ತ ಬಿದ್ದಿತ್ತು, ಗಾಳಿ ಬಂದಾಗ ಕಾಯಿ ಗಲಗಲ. ಮೆತ್ತನೆ ಬಿಸಿಲು. ಎಷ್ಟು ಹೊತ್ತು ನಡೆದೆನೋ. ದೂರದಲ್ಲಿ ಯಾರೇ ಸೆರಗು ತಲೆ ಮೇಲೆ ಎಳೆದುಕೊಂಡು ಹೋದರೂ ಮೌಶಿಯೇ ಅನಿಸುತ್ತಿತ್ತು. ಒಂದು ಸಲ ಕರೆದೂ ಬಿಟ್ಟೆ. ಆಕೆ ತಿರುಗಿ ನಕ್ಕು ಮುಂದೆ ಹೋದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು — ಗಾದೆ ನನಗೇ ಮಾಡಿಸಿದಂತಿದೆ. ಹೋದ ವರ್ಷವಾದರೂ ಬರಬಾರದಿತ್ತೇ?

ಭಾನುವಾರ, ೨೧. ಬೆಳಿಗ್ಗೆ

ಯಶೋಧಾ ಹಿಡಿದಳು. "ನಿನ್ನೆ ನಡು ಮಧ್ಯಾಹ್ನ ತಲಿ ಮ್ಯಾಲೆ ನೀರು ಯಾಕ ಹಾಕ್ಕೊಂಡಿ? ಖರೆ ಹೇಳು."

ಅಳುತ್ತ ಎಲ್ಲ ಹೇಳಿದೆ. ಓಢಣಿ ಬಾಯಿಗೆ ಒತ್ತಿಕೊಂಡಳು. ದುಃಖವೆಂದುಕೊಂಡೆ — ನಗು!

"ಆ ತಾತಗ ಕನ್ನಡ ತಿಳೀತದ, ಆಡೂದು ತೆಲುಗು. ಇಲ್ಲ ಅಂದಿಲ್ಲ ಹುಚ್ಚಿ, ಇಲ್ಲು ಅಂದಾನ! ಮಾಲತೀಬಾಯಿ ಮನಿ ಅಂತ ಕೈ ಮಾಡಿ ತೋರಿಸ್ಯಾನ. ಮಾಳಿಗಿ ಮ್ಯಾಲೆ ಇರ್ತಾರ. ಮೊನ್ನೆ ಸಂಕ್ರಮಣಕ್ಕ ಇಲ್ಲಿಗೇ ಬಂದು ಎಳ್ಳು ಕೊಟ್ಟು ಹೋಗ್ಯಾರ!"

ತಾಂಡೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಇಲ್ಲು ಅಂದರೆ ಮನೆ, ಕೂಸಿದ್ದಾಗಿನಿಂದ ಗೊತ್ತು. ಆದರೆ ಒಂಬತ್ತು ವರ್ಷ ಹೆದರಿದ್ದು ಇನ್ನೊಂದು ಮಾತಿಗೆ. ಕಿವಿಗೆ ಅದೇ ಬಿತ್ತು.

ಮಧ್ಯಾಹ್ನ ಒಂದೂವರೆ

ಮೌಶಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬಾಗಿಲು ತೆರೆದವಳು ಮೌಶಿಯೇ. ಕೂದಲೆಲ್ಲ ಬೆಳ್ಳಗೆ. ಕಾಲಿಗೆ ಬಿದ್ದು ಎಲ್ಲ ಒಪ್ಪಿಸಿದೆ, ಸ್ನಾನದ್ದೂ ಸೇರಿಸಿ.

"ನಾ ಬದುಕಿದ್ದಾಗೇ ನನ್ನ ಹೆಸರೀಲೆ ಸ್ನಾನ ಮಾಡಿದೇನ? ಛಲೋ ಆತು. ಆಯುಷ್ಯ ಹೆಚ್ಚಾತು."

"ತಪ್ಪಾತು ಮೌಶಿ. ಬರಬ್ಯಾಡ ಅಂದಿದ್ದೆ..."

"ನಿಮ್ಮನಿಗೆ ನಾ ಬರಬ್ಯಾಡ ಅಂದಿ. ನಮ್ಮನಿಗೆ ನೀ ಬರಬ್ಯಾಡ ಅಂತ ನಾ ಯಾವಾಗ ಅಂದಿದ್ದೆ, ರಂಜು?"

ಒಂಬತ್ತು ವರ್ಷದಲ್ಲಿ ಇದೊಂದು ಹೊಳೆಯಲಿಲ್ಲವಲ್ಲ.

ಸಂಜೆ ಬಸ್ಸಿದೆ. ನಾಳೆ ಆಫೀಸು... ನೋಡೋಣ. ಒಳಗಿನಿಂದ ಕೂಗುತ್ತಿದ್ದಾಳೆ — ತಾಟು ಹಾಕಿ ಎಷ್ಟೊತ್ತಾತು, ಅದೇನು ಬರೀತಿ, ಬಾ. ಬಂದೆ ಮೌ—