ಹದಿನೆಂಟನೇ ನಂಬರಿನ ವಹಿ

ಇಲಕಲ್ಲ
೨೧ ನವೆಂಬರ್ ೧೯೮೨, ಐತವಾರ

ನನ್ನ ಜೀವದ ಗೆಳತಿ ಅಬೇದಾಗ,

ನಿನ್ನ ಬನ್ನಿ ಮಾಡೂ ಶರಣು, ಸಲಾಮು ಎರಡೂ. ನಿನ್ನ ಕಾಗದ ದಸರಾಕಿಂತ ಮೊದಲ ಬಂದಿತ್ತು, ನಾ ದೀವಳಿಗಿ ಮುಗದ ಮ್ಯಾಲ ಬರಿಯಾಕ ಕುಂತೇನಿ. ಬೈಬ್ಯಾಡ. ಬೈದ್ರೂ ಸೊಲ್ಲಾಪುರದಿಂದ ಇಲ್ಲಿಗೆ ಕೇಳಂಗಿಲ್ಲ ಬಿಡು! ಖರೆ ಹೇಳ್ತೇನಿ, ದಿನಾ ಪೆನ್ನು ಹಿಡಿತಿದ್ದೆ. ಆದ್ರ ನಿನ್ನ ಹೆಸರಿನ್ಯಾಗ ನಾ ಒಂದು ತಪ್ಪು ಮಾಡೇನಿ. ಅದನ್ನ ಹೇಳಲಾರ್ದ ಬ್ಯಾರೆ ಸುದ್ದಿ ಹೆಂಗ ಬರೀಲಿ?

ಆದ್ರೂ ಮೊದಲ ನಿಮ್ಮ ಮನಿ ಸುದ್ದಿ. ನಿಮ್ಮವ್ವ ಲಾಡಬಿ ಚಿಗವ್ವನ ಮೊಣಕಾಲು ಹಂಗ ಐತಿ, ಬಾಯಿ ಮಾತ್ರ ಗಟ್ಟಿ ಐತಿ. ನಿನ್ನ ಆಡು ಎರಡು ಮರಿ ಹಾಕೇತಿ. ಒಂದಕ್ಕ ನನ್ನ ಹೆಸರಿಟ್ಟಾಳ, ಯಾವಾಗ ನೋಡಿದ್ರೂ ನಿಮ್ಮ ಬಾಗಿಲದಾಗ ನಿಂತಿರತೈತಂತ. ರೇಡಿಯೋ ನಿಮ್ಮ ಖಿಡಕಿಯೊಳಗ ಅಲ್ಲೇ ಐತಿ. ಮಧ್ಯಾಹ್ನ ಆತಂದ್ರ ನಿಮ್ಮಪ್ಪ ಮಗ್ಗದಾಗ ಕುಂತ, "ಬನ್ನೀ, ನಿಮ್ಮಿಬ್ಬರ ರೇಡಿಯೋ ಹಚ್ಚವಾ" ಅಂತ ಒದರ್ತಾನ. ಜಾಫರಸಾಬ ಕಾಕಾಗ ಇನ್ನೂ "ನಿಮ್ಮಿಬ್ಬರ" ಅನ್ನೂದು ಬಿಡಾಕ ಆಗಿಲ್ಲ. ನಾ ಕಂಡಿಕಿಗೆ ನೂಲು ಸುತ್ತೂ ರಾಟಿ ತೊಗೊಂಡು ಬಂದು ನಿಮ್ಮ ಕಟ್ಟಿ ಮ್ಯಾಲ ಕುಂದರ್ತೇನಿ.

ನಿನ್ನ ಕಾಗದ ಹತ್ತು ಸಲ ಓದೇನಿ. ಪವರಲೂಮಿನ ಸಪ್ಪಳದಾಗ ಬಾಜೂಕ ನಿಂತವರ ಮಾತೂ ಕೇಳಂಗಿಲ್ಲ, ಗಂಡನೂ ಕೈಸನ್ನಿ ಮಾಡಿ ಚಾ ಕೇಳ್ತಾನ, ಅಂತ ಬರದಿ. ಓದಿ ನಕ್ಕೆ. ಆಮ್ಯಾಲ "ರೇಡಿಯೋ ಕೇಳಿ ಎಷ್ಟು ದಿನ ಆತೋ" ಅಂತ ಬರದಿ. ಅಲ್ಲಿಗೆ ಕಾಗದ ಮಡಚಿಟ್ಟೆ. ಯಾಕಂದ್ರ ಇಲ್ಲಿ ವಹಿಯೊಳಗ ನೀ ಒಂದು ದಿನಾನೂ ತಪ್ಪಿಸಿಲ್ಲ!

ಹೌದವಾ, ಅದ ವಹಿ. ಅಗಸ್ಟದಾಗ ಧಾರವಾಡ ರೇಡಿಯೋದವ್ರು, ಕಾಲೇಜಿನವ್ರು ಕೂಡಿ ರೀಸರ್ಚ ಮಾಡಾಕ ಬಂದಿದ್ರಲ್ಲ. ರೇಡಿಯೋಕ್ಕ ಲೈಸನ್ಸ ಐತೇನಂತ ತಪಾಸ ಮಾಡವ್ರು ಅಂತ ತಿಳದು ನಿಮ್ಮವ್ವ ರೇಡಿಯೋ ಜ್ವಾಳದ ಚೀಲದಾಗ ಮುಚ್ಚಿಟ್ಟಿದ್ಲು, ಅದು ಒಳಗ ಹಾಡಾಕ ಹತ್ತಿತ್ತು! ರೇಡಿಯೋದ ಕಾಶಪ್ಪ ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ಕಿದ್ರು. ಕಾಲೇಜಿನ ಸಿದ್ದಲಿಂಗವ್ವ ಅಕ್ಕಾರು ನಗಲಿಲ್ಲ, ಇಪ್ಪತ್ತು ಮನಿಗೆ ಇಪ್ಪತ್ತು ವಹಿ ಹಂಚಿದ್ರು. ನಿಂದು ಹದಿನೆಂಟು, ನಂದು ಹತ್ತೊಂಬತ್ತು. ಮೂರು ತಿಂಗಳು, ದಿನಾ ಏನು ಕೇಳಿದ್ರಿ, ಎಷ್ಟೊತ್ತಿಗೆ ಕೇಳಿದ್ರಿ, ಏನನಿಸ್ತು, ಎಲ್ಲಾ ಬರೀಬೇಕು. ನೇಕಾರ ಹೆಣ್ಮಕ್ಕಳು ಮಧ್ಯಾಹ್ನ ಕೇಳ್ತಾರಂತ ಖಾತ್ರಿ ಆದ್ರ ನಮಗಂತ ಅರ್ಧಾ ತಾಸಿನ ಕಾರ್ಯಕ್ರಮ. ಚೊಲೊ ಬರದವರಿಗೆ ಧಾರವಾಡಕ್ಕ ಕರಿತಾರಂತ ಕೇಳಿ ನಾವಿಬ್ರೂ ಆಣಿ ಮಾಡಿದ್ವಿ, ಕೂಡೇ ಹೋಗೂದು, ಮೈಕಿನ ಮುಂದ ಒಂದು ಸಲ ಕೆಮ್ಮಿ ಬರೂದು!

ಇಪ್ಪತ್ತೆರಡು ದಿನ ಬರದಿ. ನಿಕಾ ಆತು. ಬಸ್ಸ ಹತ್ತೂ ಮುಂದ ವಹಿ ನನ್ನ ಕೈಯಾಗಿಟ್ಟು "ಬನ್ನಿ, ಅವ್ರಿಗೆ ಮುಟ್ಟಿಸಿಬಿಡು" ಅಂದಿ.

ನಾ ಮುಟ್ಟಿಸಲಿಲ್ಲ.

ಇಪ್ಪತ್ಮೂರನೇ ತಾರೀಖಿನ ಹಾಳಿ ಖಾಲಿ ಇತ್ತಲ್ಲ, ಅದನ್ನ ನೋಡಾಕ ಆಗಲಿಲ್ಲ. ಇದೊಂದ ದಿನ ಅಂತ ಬರದೆ. ಮರುದಿನಾನೂ ಇದೊಂದ ದಿನ. ನೀ ಇದ್ರ ಏನಂತಿದ್ದಿ ಅಂತ ವಿಚಾರ ಮಾಡೂದ ಬ್ಯಾಡಾಗಿತ್ತು, ಕಿವಿಯಾಗ ಬಂದು ಅಂದಂಗ ಆಗ್ತಿತ್ತು. "ಒಕ್ಕಲುತನ ಹೇಳವರ ಬಾಯಾಗ ಎಲಿಅಡಿಕಿ ಐತಿ, ಉಗುಳಿ ಬಂದು ಹೇಳ ಅನ್ರಿ." "ಸುದ್ದಿ ಓದಾಕಿಗೆ ಇವತ್ತ ನೆಗಡಿ, ಮನ್ಯಾಗ ಶುಂಠಿ ಇಲ್ಲೇನ್ರಿ?" ನನ್ನ ಅಕ್ಷರನೂ ನಿನ್ನಂಗ ಬಲಕ್ಕ ವಾಲಾಕ ಹತ್ತಿದ್ವು. ಒಟ್ಟು ಎಪ್ಪತ್ತು ದಿನ ಬರದೆ. ಮೂರು ತಿಂಗಳು ಮುಗದಾಗ ಇಪ್ಪತ್ತೂ ವಹಿ ಒಯ್ದ್ರು, ನಂದರ ಜೋಡಿ ನಿಂದೂ ಕೊಟ್ಟೆ.

ಮೊನ್ನೆ ಗುರುವಾರ ಇಬ್ರೂ ಬಂದ್ರು. ನಿಮ್ಮ ಕಟ್ಟಿ ಮ್ಯಾಲ ಕುಂತ ಕಾಶಪ್ಪ ಸಾಹೇಬ್ರು ನಿನ್ನ ವಹಿ ಎತ್ತಿ ಹಿಡದು, "ಎಲ್ಲಾರೂ ಚೊಲೊ ಐತಿ, ಚೊಲೊ ಐತಿ ಅಂತ ಬರದಾರ. ಕೇಳಿದಾಕಿ ಅಂದ್ರ ಇಕಿ! ಎಲ್ಲಿದ್ದಾಳ್ರಿ, ಧಾರವಾಡಕ್ಕ ಕರಕೊಂಡ ಹೋಗೂಣು" ಅಂದ್ರು. ಚಿಗವ್ವ ಒಳಗಿಂದ "ಸೊಲ್ಲಾಪುರದಾಗ ಅದಾಳ್ರಿ, ಅಗಸ್ಟದಾಗ ಹೋದಾಕಿ" ಅಂದ್ಲು.

ಅಕ್ಕಾರಿಗೆ ಮೊದಲ ಸಂಶಯ ಇತ್ತು. ನಿನ್ನ ವಹಿ, ನನ್ನ ವಹಿ ಎರಡೂ ತೊಡಿ ಮ್ಯಾಲ ಇಟ್ಕೊಂಡಿದ್ರು. "ಬನಶಂಕರಿ, ಒಂದು ಎಳಿ ತಪ್ಪಿದ್ರ ಇಡೀ ಸೀರ್ಯಾಗ ಕಾಣತೈತಿ. ನಿನಗ ನಾ ಹೇಳಿಕೊಡಬೇಕೇನು?" ಅಂದ್ರು.

"ಮಾತು ಖರೆ ಅದಾವಲ್ರಿ, ಅಕ್ಕಾರ" ಅಂದ್ರು ಸಾಹೇಬ್ರು.

"ಕೇಳಿದಾಕಿ ಖರೆ ಇಲ್ಲಲ್ರಿ, ಸಾಹೇಬ್ರ."

ಸಾಹೇಬ್ರು ನನ್ನ ಕಡೆ ತಿರುಗಿ, "ಹಂಗಾದ್ರ ಇವು ನಿನ್ನ ಮಾತು ಹೌದಲ್ಲ? ಇದನ್ನೆಲ್ಲಾ ಬರದಾಕಿ ನಾನ ಅಂತ ಒಂದು ಸಹಿ ಮಾಡು. ನೀನ ಧಾರವಾಡಕ್ಕ ನಡಿ" ಅಂದ್ರು.

ಅಬೇದಾ, ಆ ಮೈಕಿನ ಖೋಲಿ ನೋಡಾಕ ನನ್ನ ಜೀವ ಎಷ್ಟು ಹಾತೊರಿತೈತಿ ನಿನಗ ಗೊತ್ತೈತಿ. ಬಾಯಿಗೆ ಬಂದಿತ್ತು "ಹೂಂ" ಅಂತ. ಆದ್ರ ಏನಂದೆ ಗೊತ್ತೇನು? "ಬರದ ಕೈ ನಂದ್ರಿ. ಮಾತು ಅಬೇದಾಂದು. ನನಗ ಅಷ್ಟು ಚಾಷ್ಟಿ ಮಾಡಾಕ ಬರಂಗಿಲ್ರಿ" ಅಂದೆ. ಸಾಹೇಬ್ರು ಟೊಪ್ಪಿಗಿ ತಗದು ತಲಿ ಕೆರಕೊಂಡ್ರು.

ಅಕ್ಕಾರು ಇಪ್ಪತ್ತೆರಡನೇ ದಿನದ ಕೆಳಗ ಕೆಂಪು ಗೆರಿ ಎಳದು "ಕೇಳುಗರು ಊರು ಬಿಟ್ಟಿದ್ದಾರೆ" ಅಂತ ಬರದ್ರು. ಆಮ್ಯಾಲ ನಿಮ್ಮವ್ವನ ಕಡೆ ಕತ್ತರಿ ಇಸಕೊಂಡು, ನಾ ಬರದ ಹಾಳಿ ಎಲ್ಲಾ ಕತ್ತರಿಸಿ ನನ್ನ ಕೈಯಾಗ ಕೊಟ್ರು. "ಇವು ನಮ್ಮ ಲೆಕ್ಕಕ್ಕ ಬರಂಗಿಲ್ಲವಾ. ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿಸು" ಅಂದ್ರು. ನಗಲಾರದ ಅಕ್ಕಾರು, ಹೇಳೂ ಮುಂದ ನನ್ನ ಮಾರಿ ನೋಡಲಿಲ್ಲ. ಕಾರ್ಯಕ್ರಮ ಆಗತೈತೋ ಇಲ್ಲೋ, ಉಳದ ವಹಿ ನೋಡಿ ಹೇಳ್ತಾರಂತ.

ಆ ಹಾಳಿ ಇದರ ಜೋಡಿ ಇಟ್ಟೇನಿ. ಪವರಲೂಮು ನಿಂತಾಗ ದಿನಕ್ಕೊಂದು ಓದು, ಒಮ್ಮೆಲೆ ಮುಗಸಬ್ಯಾಡ. ಎಪ್ಪತ್ತು ದಿನದ ರೇಡಿಯೋ ಐತಿ ಅದರಾಗ.

ನಿಮ್ಮ ಅಲ್ಲಾ, ನಮ್ಮ ಬಾದಾಮಿ ಬನಶಂಕರವ್ವ ಇಬ್ರೂ ಪಾಳಿ ಹಚ್ಚಿ ನಿನ್ನ ಕಾಯಲಿ. ನಿನ್ನ ಗಂಡಗ ಗಂಟಲ ಬರಲಿ. ನಿನ್ನ ಹೊಟ್ಟಿ, ನಿನ್ನ ಕಿವಿ ಎರಡೂ ತಣ್ಣಗಿರಲಿ.

ಇಂತಿ ನಿನ್ನ
ಬನ್ನಿ

ತಾ.ಕ.: ಅಕ್ಕಾರಿಗೆ ಸಂಶಯ ಹೆಂಗ ಬಂತು ಅಂತ ಹೇಳೇ ಇಲ್ಲಲ್ಲ. ವಹಿಯೊಳಗ ಪ್ರತಿ ಹಾಳಿಗೆ ಗೆರಿ ಹೊಡದ ಕಡೀ ಮನಿ ಒಂದಿತ್ತು, ನೆನಪೈತಿ? "ಯಾರ ಜೋಡಿ ಕೇಳಿದಿರಿ?" ಅಂತ. ನಿನ್ನ ವಹಿಯೊಳಗ ಎಪ್ಪತ್ತೂ ದಿನ "ಬನ್ನಿ ಜೋಡಿ" ಅಂತ ಬರದೆ. ನನ್ನ ವಹಿಯೊಳಗ ಸುಳ್ಳು ಬರಿಯಾಕ ಕೈ ಏಳಲಿಲ್ಲ. ಅವ ತಾರೀಖು, ಅದ ಹೊತ್ತು, ಎಪ್ಪತ್ತೂ ದಿನ ಬರದೇನಿ: "ಒಬ್ಬಾಕಿನ."